ನನ್ನ ಅಡುಗೆಮನೆಯ ತೂತು ಮುಚ್ಚಿಸಬೇಡಿ

ಮನೆ ದುರಸ್ತಿಯ ದೂರುಗಳನ್ನು ಆಲಿಸಲೆಂದೇ ಕುರ್ಚಿ ಪಡೆದಿರುವ ಮಾನ್ಯರೇ,

ನನ್ನ ದೂರಿಗೆ ನೀವು ಪರಿಹಾರ ಕೊಟ್ಟಿದ್ದೀರಿ. ಆ ಪರಿಹಾರದ ವಿರುದ್ಧವೇ ಈ ದೂರು. ಗುತ್ತಿಗೆದಾರ ನನ್ನ ಅಡುಗೆಮನೆಯ ಗೋಡೆಗೆ ಕೊರೆದ ತೂತನ್ನು ಬರುವ ಸೋಮವಾರ ಮುಚ್ಚಿಸಿ, ಗೋಡೆಯನ್ನು ‘ಯಥಾಸ್ಥಿತಿಗೆ ತರತಕ್ಕದ್ದು’ ಎಂದು ಆದೇಶಿಸಿದ್ದೀರಿ. ದಯವಿಟ್ಟು ಮುಚ್ಚಿಸಬೇಡಿ. ನಗಬೇಡಿ, ಪೂರ್ತಿ ಓದಿ.

ನಾನು ನಿವೃತ್ತ ಬೆರಳಚ್ಚುಗಾರ್ತಿ. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಬಾಣಲೆಯ ಹೊಗೆ, ಇಬ್ಬರೇ. ಹೊಗೆಯನ್ನಾದರೂ ಹೊರಗೆ ಕಳಿಸೋಣವೆಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಹೊರಟೆ. ಗುತ್ತಿಗೆದಾರ ಗೋಡೆ ತಟ್ಟಿ, “ಇದರಾಚೆ ಬಯಲು ಮೇಡಂ” ಎಂದ. “ಅಲ್ಲಪ್ಪಾ, ಆಚೆ ಮನೆ ಇದೆ” ಎಂದೆ. “ಹುಟ್ಟಿದಾಗಿಂದ ಗೋಡೆ ನೋಡ್ತಾ ಇದೀನಿ, ನನಗೇ ಹೇಳ್ಕೊಡ್ತೀರಾ?” ಎಂದು ಕೊರೆದೇಬಿಟ್ಟ. ತಟ್ಟೆಯಗಲದ ತೂತು ಬಿತ್ತು. ಆಚೆ ಬಯಲಿನ ಬದಲು ಕೆಂಡದಂಥ ಮುಖವೊಂದು ಕಾಣಿಸಿತು.

“ಯಾರ್ರೀ ಅದು, ನನ್ನ ಹಾಲಿಗೆ ಇಟ್ಟಿಗೆ ಪುಡಿ ಹಾಕಿದ್ದು?”

ಅದು ಹಿಂದಿನ ಬೀದಿಯ ಟೈಲರಮ್ಮನ ಅಡುಗೆಮನೆ. ಆಕೆಯ ಹಾಲು ಹೋಯಿತು, ನನ್ನ ಸಿಂಕು ಬಿರುಕುಬಿಟ್ಟಿತು, ಟೈಲ್ಸ್ ಉದುರಿದವು. ಗುತ್ತಿಗೆದಾರ ತೂತಿಗೊಂದು ರಟ್ಟು ಅಂಟಿಸಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ನಾಳೆ ಬರ್ತೀನಿ” ಎಂದು ಹೋದವನು ನಾಪತ್ತೆ. ಉರಿದುಬಿದ್ದು ನಿಮಗೆ ಬರೆದೆ. ನಿಮ್ಮಿಂದ ಹೂಂ ಇಲ್ಲ, ಉಹೂಂ ಇಲ್ಲ. ಒಂದು ಬೇಸಿಗೆ ಹೋಗಿ ಇನ್ನೊಂದು ಬಂತು. ಆ ವಿಳಂಬಕ್ಕೆ ನಾನು ನಿಮಗೆ ಚಿರಋಣಿ, ವ್ಯಂಗ್ಯವಲ್ಲ.

ಏಕೆಂದರೆ ರಟ್ಟು ನೆನೆದು ಬಿದ್ದುಹೋಯಿತು. ಮೊದಮೊದಲು ಆ ತೂತಿನಲ್ಲಿ ಬರೀ ಜಗಳವೇ ಹಾದುಹೋಗುತ್ತಿತ್ತು. ಟೈಲರಮ್ಮನ ನಾಲಿಗೆ ಆಕೆಯ ಕತ್ತರಿಗಿಂತ ಹರಿತ. ಒಂದು ದಿನ, “ನಿಮ್ಮ ಹಾಲು ಉಕ್ತಾ ಇದೆ, ನೋಡ್ರೀ” ಎಂದಳು. ಆಮೇಲೆ ನಾನು ಪಾತ್ರೆ ತೊಳೆಯುತ್ತ, ಆಕೆ ತರಕಾರಿ ಹೆಚ್ಚುತ್ತ, ಮಾತು ತಾನಾಗಿ ಬೆಳೆಯಿತು. ಅಕ್ಕ ಹೇಗಿದ್ದಳು ಎಂದು ಆಕೆ ಕೇಳಿದಳು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಿಂಕಿನ ಮುಂದೆ ನಿಂತು ಗೊಳೋ ಎಂದು ಅತ್ತೆ. “ಅಳಿ, ಅಳಿ. ನಲ್ಲಿ ಮಾತ್ರ ನಿಲ್ಲಿಸಿ, ನೀರು ಸುಮ್ನೆ ಹೋಗ್ತಿದೆ” ಎಂದಳು ಮಹಾತಾಯಿ.

ಕಾಲಿಲ್ಲವೇ, ಬಾಗಿಲಿಂದ ಹೋಗಿ ಮಾತಾಡಿ ಎನ್ನುವಿರಾ? ನಮ್ಮ ಬೆನ್ನುಗಳು ಅಂಟಿಕೊಂಡಿವೆ, ಬಾಗಿಲುಗಳು ಬೇರೆ ಬೇರೆ ಬೀದಿಯಲ್ಲಿವೆ. ಆಕೆಗೆ ಮಂಡಿನೋವು. ಆದರೂ ಒಮ್ಮೆ ನಾನು ಸುತ್ತಿಕೊಂಡು ಹೋಗಿದ್ದೆ. ಇಬ್ಬರೂ ಒಳ್ಳೆಯ ಬಟ್ಟೆ ತೊಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಬಿಸಿಲು ಜಾಸ್ತಿ ಎಂದುಕೊಂಡೆವು. ಮುಂದೆ ಮಾತೇ ಹೊರಡಲಿಲ್ಲ. ಮನೆಗೆ ಬಂದು ಒಲೆ ಹಚ್ಚಿದರೆ ಆಚೆಯಿಂದ ದನಿ: “ಅಬ್ಬಾ, ನೆಂಟರು ಹೋದ್ರು ಕಣ್ರೀ!” ಕೈಗೆ ಕೆಲಸವಿರಬೇಕು, ಮುಖ ನೋಡುವ ಸಂಕೋಚವಿರಬಾರದು, ಕೆಲವು ಮಾತು ಹೊರಬರುವುದು ಆಗಲೇ.

ಅರ್ಜಿ ಹಿಂಪಡೆಯಲು ನಿಮ್ಮ ಕಚೇರಿಗೆ ಬಂದೆ. “ದೂರು ಕೊಟ್ಟೋರೂ ನೀವೇ, ಬೇಡ ಅನ್ನೋರೂ ನೀವೇ. ಆದೇಶ ಆಗೋಯ್ತು ಮೇಡಂ” ಎಂದರು ಗುಮಾಸ್ತರು. ಹಾಗಾದರೆ ಹೇಳಿ, ಯಾವ ಸ್ಥಿತಿಗೆ ತರುತ್ತೀರಿ? ತರಕಾರಿಯವನಿಗೆ ‘ಸಾಕು’ ಎಂದರೆ ದಿನದ ಮಾತೆಲ್ಲ ಮುಗಿಯುತ್ತಿದ್ದ ಸ್ಥಿತಿಗೋ? ರೇಡಿಯೋದವನು ‘ನಮಸ್ಕಾರ’ ಎಂದರೆ ನಾನೂ ಕೈಮುಗಿಯುತ್ತಿದ್ದ ಸ್ಥಿತಿಗೋ? ಅಂಥ ಯಥಾಸ್ಥಿತಿ ನನಗೆ ಬೇಡ. ನನಗೆ ಭಯವಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಿಂಕು, ಟೈಲ್ಸ್ ಎರಡನ್ನೂ ಗುತ್ತಿಗೆದಾರನೇ ಸರಿಮಾಡಲಿ, ಅದರಲ್ಲಿ ಅವನನ್ನು ಬಿಡಬೇಡಿ. ತೂತಿನ ಅಂಚಿಗೆ ಗಾರೆ ಬಳಿದು, ಅದಕ್ಕೊಂದು ಪುಟ್ಟ ಕದ ಇಡಲಿ. ಗೋಡೆ ನಮ್ಮಿಬ್ಬರದು, ಇಬ್ಬರಿಗೂ ಒಪ್ಪಿಗೆ. “ನನ್ನ ಹೆಸರಲ್ಲೂ ಬರೀರಿ, ಹೆದರ್ತೀನಾ ನಾನು?” ಎಂದು ಆಕೆ ಈಗಲೂ ಆಚೆಯಿಂದ ಕೂಗುತ್ತಿದ್ದಾಳೆ.

ಕಳೆದ ವಾರ ಅಡುಗೆಮನೆಯಲ್ಲಿ ಜಾರಿಬಿದ್ದೆ. “ಏನ್ರೀ ಬಿದ್ದಿದ್ದು, ಪಾತ್ರೆನೋ ನೀವೋ?” ಎಂದು ಆಚೆಯಿಂದ ಕೇಳಿದಳು. “ನಾನೇ” ಎಂದೆ. ಆ ಮಂಡಿ ಎಳೆದುಕೊಂಡು, ಬೀದಿ ಸುತ್ತಿ ಬಂದು, ನನ್ನನ್ನು ಎತ್ತಿ ಕೂರಿಸಿದಳು. ಸೋಮವಾರ ನೀವು ಆ ತೂತು ಮುಚ್ಚಿಸಿದರೆ, ಮುಂದೆ ಈ ಮನೆಯಲ್ಲಿ ಪಾತ್ರೆ ಬಿದ್ದರೂ ಒಂದೇ, ನಾನು ಬಿದ್ದರೂ ಒಂದೇ.

ಇಂತಿ,
ನಿಮ್ಮ ಕಡತದಲ್ಲಿ ಈಗಾಗಲೇ ‘ಇತ್ಯರ್ಥ’ವಾಗಿಹೋಗಿರುವ ಅರ್ಜಿದಾರಳು