ಪ್ಯಾಕೆಟ್ ಹೆಪ್ಪಿಗೆ ಒಂದು ಕೂಗು

ನವೆಂಬರ್ 9, ಭಾನುವಾರ

ಮತ್ತೆ ಕೋಲು. ಮಾವ ಮಹಡಿಯಲ್ಲಿ ಮಲಗಿದಲ್ಲಿಂದಲೇ ನೆಲ ಕುಟ್ಟುತ್ತಾರೆ, ಕೆಳಗೆ ಅಡುಗೆಮನೆಯ ತೂಗುದೀಪ ಅಲ್ಲಾಡುತ್ತದೆ. ನೀರು ಬೇಕು. ಕಿಟಕಿ ತೆಗೆ. ಕಿಟಕಿ ಮುಚ್ಚು. ಕುರಿ ಒಳಗೆ ಬಂದವಾ? ಕುರಿಗಳನ್ನು ಮಾರಿ ಯಾವ ಕಾಲವಾಯಿತು. ಗೊತ್ತಿದ್ದೂ ಕೇಳುತ್ತಾರೆ. ನನ್ನ ಗಂಡ ಓದ್ವಾರ್ ಸಮುದ್ರದ ನಡುವೆ ಎಣ್ಣೆ ತೆಗೆಯುತ್ತಾ ಕೂತಿದ್ದಾನೆ. ಅಪ್ಪ ಅವನವರು, ಮೆಟ್ಟಿಲು ಹತ್ತುವ ಮೊಣಕಾಲು ನನ್ನದು.

ಈ ಸಲ ಕರೆದದ್ದು ಬೇರೆ ವಿಷಯಕ್ಕೆ.

"ಕ್ರಿಸ್‌ಮಸ್ಸಿಗೆ ಬಿಯರ್ ಮಾಡು."

"ನಾನಾ?"

"ಇಲ್ಲ, ಬೆಕ್ಕು ಮಾಡ್ತದೆ. ನಮ್ಮ ಮನೆ ಹೆಪ್ಪಲ್ಲೇ ಮಾಡು. ಒಂದು ಬಟ್ಟಲು ಕುಡ್ಕೊಂಡು ಹೊರಡ್ತೀನಿ."

"ಎಲ್ಲಿಗೆ ಹೊರಡ್ತೀರಿ ಮಾವ?"

"ಇನ್ನೆಲ್ಲಿಗೆ, ಚರ್ಚಿನ ಹಿಂದಕ್ಕೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹೃದಯ ಸೋತಿದೆ, ಹಿಮ ಕರಗುವುದನ್ನು ನೋಡುವುದು ಅನುಮಾನ ಎಂದು ಡಾಕ್ಟರ್ ಹೇಳಿಯಾಗಿದೆ. ಹೂಂ ಅಂದೆ.

ನವೆಂಬರ್ 10

ನೆಲಮಾಳಿಗೆಗೆ ಹೋಗಿ ಬಿಯರ್ ಹುದುಗಿಸುವ ಹೆಪ್ಪಿನ ಜಾಡಿ ತೆಗೆದೆ. ದೇವರೇ. ಮೇಲೆ ಕಪ್ಪು ಬೂಷ್ಟು, ಒಳಗೆ ಸತ್ತ ಇಲಿಯ ನಾತ. ಮಾವನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಈ ಮನೆಯಲ್ಲಿ ಬಿಯರ್ ಮಾಡಿದವರಿಲ್ಲ. ಅವರಿಗೆ ಉಣಿಸುವ ಗಡಿಬಿಡಿಯಲ್ಲಿ ಇದಕ್ಕೂ ಉಣಿಸಬೇಕೆಂದು ಯಾರಿಗೆ ನೆನಪಿರುತ್ತದೆ...

ಓದ್ವಾರ್‌ಗೆ ಫೋನ್ ಮಾಡಿದೆ.

"ಅಂಗಡಿಯಲ್ಲಿ ಪ್ಯಾಕೆಟ್ ಯೀಸ್ಟ್ ಸಿಗುತ್ತಲ್ಲ, ಅದನ್ನ ಹಾಕು. ಅಪ್ಪನ ನಾಲಿಗೇಲಿ ಇನ್ನೇನು ಉಳಿದಿದೆ?"

"ನಿನ್ನ ನಾಲಿಗೆಗಿಂತ ಜಾಸ್ತಿನೇ ಉಳಿದಿದೆ ಕಣೋ."

ಫೋನ್ ಇಟ್ಟಮೇಲೆ ಜಾಡಿ ತೊಳೆದೆ. ಎರಡು ಸಲ ತೊಳೆದರೂ ನಾತ ಹೋಗಲಿಲ್ಲ.

ನವೆಂಬರ್ 15, ಶನಿವಾರ

ಮಾವನ ಬಳಿ ನರ್ಸಮ್ಮನನ್ನು ಕೂರಿಸಿ ಬೆರ್ಗೆನ್ ಪೇಟೆಗೆ ಹೋಗಿಬಂದೆ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಗೋಡೆ ತುಂಬ ಯೀಸ್ಟ್. ಇಂಗ್ಲಿಷರದು, ಜರ್ಮನರದು, ಬೆಲ್ಜಿಯಂ ಸನ್ಯಾಸಿಗಳದು. ಲವಂಗದ ವಾಸನೆ ಬರಿಸುವುದೊಂದು, ಬಾಳೆಹಣ್ಣಿನದೊಂದು. ಅಂಗಡಿಯ ಗಡ್ಡದವನು ಒಂದೊಂದನ್ನೂ ತನ್ನ ಮಗುವಿನ ಹಾಗೆ ಹೊಗಳಿದ. ಸುಸ್ತಾಯಿತು. "ಘಮ ಇರಬೇಕು, ಗಟ್ಟಿಯಾಗಿರಬೇಕು" ಅಂದೆ. ಬೆಲ್ಜಿಯಂನದು ಕೊಟ್ಟ. ಅಂಗೈಯಷ್ಟು ಪ್ಯಾಕೆಟ್, ಒಳ್ಳೆ ಮಾಂಸದ ತುಂಡಿನ ಬೆಲೆ.

ನವೆಂಬರ್ 17

ಕೊಟ್ಟಿಗೆಯ ಪಕ್ಕದ ಒಲೆಮನೆಯಲ್ಲಿ ಇಡೀ ದಿನ. ಜುನಿಪರ್ ಕೊಂಬೆ ಕುದಿಸಿದ ನೀರು, ಮಾಲ್ಟ್, ತಾಮ್ರದ ಹಂಡೆ. ನಡುನಡುವೆ ಓಡಿಬಂದು ಮಾವನಿಗೆ ಗಂಜಿ, ಮಾತ್ರೆ. ಬೆನ್ನು ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ. ರಸವನ್ನು ಮರಿಗೆಗೆ ಬಸಿದೆ. ಮಾವ ಮಾಡುತ್ತಿದ್ದ ಹಾಗೆಯೇ ಮೊಣಕೈ ಅದ್ದಿ ನೋಡಿದೆ. ಆಗ ತಾನೇ ಕರೆದ ಹಾಲಿನ ಬಿಸಿ. ಪ್ಯಾಕೆಟ್ ಹರಿದು ಸುರಿದೆ.

ಕೂಗಲಿಲ್ಲ. ಹೆಪ್ಪು ಹಾಕುವಾಗ ಮರಿಗೆಯ ಮೇಲೆ ಬಗ್ಗಿ ಗಂಟಲು ಹರಿಯುವಂತೆ ಕೂಗುವುದು ಈ ಕಣಿವೆಯ ಪದ್ಧತಿ. ಹೆಪ್ಪು ಎಚ್ಚರವಾಗಬೇಕು, ಕೆಟ್ಟದ್ದು ಓಡಬೇಕು. ಮಾವ ಕೂಗಿದರೆ ಕೆರೆಯಾಚೆಯ ನಾಯಿಗಳು ಬೊಗಳುತ್ತಿದ್ದವು. ಆದರೆ ಪ್ಯಾಕೆಟ್ಟಿಗೆ ಯಾರಾದರೂ ಕೂಗುತ್ತಾರಾ? ನಾಚಿಕೆಯಾಯಿತು. ಗಂಟಲಲ್ಲಿ ಶಕ್ತಿಯೂ ಇರಲಿಲ್ಲ.

ನವೆಂಬರ್ 21

ಮುಚ್ಚಳ ತೆಗೆದರೆ ಬಣ್ಣ ಬಳಿಯುವವರ ಥಿನ್ನರ್ ವಾಸನೆ. ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಬ್ರಿತಾಳನ್ನು ಕರೆದು ತೋರಿಸಿದೆ. ಒಂದು ಹನಿ ಬಾಯಿಗಿಟ್ಟು ಉಗಿದಳು.

"ಎಷ್ಟು ಬಿಸಿಯಲ್ಲಿ ಹಾಕಿದೆ?"

"ಹಾಲಿನ ಬಿಸಿಯಲ್ಲಿ. ಇನ್ನು ಹೇಗೆ ಹಾಕ್ತಾರೆ?"

"ಅಯ್ಯೋ ನಿನ್ನ! ಅಷ್ಟು ಬಿಸಿ ತಡ್ಕೊಳ್ಳೋದು ನಮ್ಮ ಕಣಿವೆ ಹೆಪ್ಪು ಮಾತ್ರ ಕಣೇ. ಹೊರಗಿನವಕ್ಕೆಲ್ಲ ತಣ್ಣಗಿರ್ಬೇಕು. ಪ್ಯಾಕೆಟ್ ಮೇಲೆ ಬರೆದಿರ್ತಾರೆ, ಓದಲಿಲ್ವಾ?"

ಓದಲಿಲ್ಲ. ಬಿಯರ್ ಮಾಡಲು ಓದಬೇಕೆಂದು ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ನಿನ್ನ ಮನೆಯ ಹೆಪ್ಪು ಸ್ವಲ್ಪ ಕೊಡು ಅಂದೆ. ಬ್ರಿತಾ ತನ್ನ ಕಾಲಿನ ಕಡೆ ನೋಡಿದಳು. "ನಮ್ಮದೂ ಹೋಗಿ ಸುಮಾರು ವರ್ಷ ಆಯ್ತು. ನಾನೂ ಪ್ಯಾಕೆಟ್ಟೇ. ಆದ್ರೆ ಅದು ನಮ್ಮ ಕಣಿವೇದೇ. ಲ್ಯಾಬಿನವರು ಯಾರೋ ಬಂದು ಗಾಜಿನ ಕೊಳವೇಲಿ ತಗೊಂಡು ಹೋಗಿದ್ರಲ್ಲ, ಅದನ್ನೇ ಬೆಳೆಸಿ ಈಗ ನಮಗೇ ಮಾರ್ತಾರೆ."

ಇಬ್ಬರೂ ಸೇರಿ ಮರಿಗೆಯನ್ನು ಇಳಿಜಾರಿಗೆ ಹೊತ್ತು ಚೆಲ್ಲಿದೆವು. ಹಿಮ ಹಳದಿಯಾಯಿತು.

ಡಿಸೆಂಬರ್ 13

ಬರೆಯಲು ಆಗಿರಲಿಲ್ಲ. ಮಾವನ ಶ್ವಾಸಕೋಶದಲ್ಲಿ ನೀರು. ಆಸ್ಪತ್ರೆ, ಕುರ್ಚಿಯಲ್ಲೇ ನಿದ್ದೆ, ಬಸ್ಸು, ಆಸ್ಪತ್ರೆ. ನಿನ್ನೆ ಮನೆಗೆ ಕರೆತಂದೆ. ಹಕ್ಕಿಯಷ್ಟು ಹಗುರಾಗಿದ್ದಾರೆ. ಮೆಟ್ಟಿಲು ಹತ್ತಿಸುವಾಗ ಕೇಳಿದ್ದು ಒಂದೇ: "ಬಿಯರ್ ಎಲ್ಲಿಗೆ ಬಂತು?"

"ಆಗ್ತಿದೆ ಮಾವ."

ಹಸಿ ಸುಳ್ಳು.

ಡಿಸೆಂಬರ್ 15

ಬ್ರಿತಾ ಕೊಟ್ಟ ಪ್ಯಾಕೆಟ್. ಮತ್ತೆ ಜುನಿಪರ್, ಮತ್ತೆ ಹಂಡೆ. ಈ ಸಲ ಹಾಲಿನ ಬಿಸಿಯೇ ಸರಿ, ಪ್ಯಾಕೆಟ್ ಮೇಲೂ ಹಾಗೇ ಇತ್ತು. ಈಗಲೂ ಕೂಗಲಿಲ್ಲ. ಕಳ್ಳಿಯ ಹಾಗೆ ಸುರಿದು ಮುಚ್ಚಿ ಬಂದೆ.

ಡಿಸೆಂಬರ್ 17

ಎರಡೇ ದಿನಕ್ಕೆ ಉಕ್ಕಿ ಇಳಿದಿದೆ. ಕಿತ್ತಳೆ ಸಿಪ್ಪೆಯ ಘಮ! ನಾನು ಸೊಸೆಯಾಗಿ ಬಂದ ವರ್ಷ ಈ ಒಲೆಮನೆಯಲ್ಲಿ ಇದೇ ವಾಸನೆ ಇತ್ತು. ಮರಿಗೆಯ ಮೇಲೆ ಬಗ್ಗಿ ಇನ್ನೊಮ್ಮೆ ಮೂಸಿದೆ. ಮುಂದಿನ ಸಲಕ್ಕೆ ಹೆಪ್ಪಾಗುವ ನೊರೆ ಎಸೆಯಲು ಕೈ ಬರಲಿಲ್ಲ, ಜಾಡಿಗೆ ತುಂಬಿಟ್ಟೆ. ಯಾಕೋ ಗೊತ್ತಿಲ್ಲ.

ಡಿಸೆಂಬರ್ 24

ಓದ್ವಾರ್ ಬಂದಿದ್ದಾನೆ. ಕುರಿಯ ಒಣಪಕ್ಕೆಲುಬು ಬೇಯಿಸಿ, ಊಟದ ಮೇಜನ್ನು ಮಾವನ ಕೋಣೆಗೇ ಹೊತ್ತೊಯ್ದೆವು. ಮಾವ ಮರದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದರು. ಒಂದು ಗುಟುಕು. ಕಣ್ಣು ಮುಚ್ಚಿದರು.

"ಕಿತ್ತಳೆ ಇದೆ" ಅಂದರು.

"ಹೌದು ಮಾವ."

"ಅದರ ಕೆಳಗೆ ಏನೂ ಇಲ್ಲ."

ಓದ್ವಾರ್ ಬಾಯಿ ಹಾಕಿದ: "ಚೆನ್ನಾಗಿದೆಯಲ್ಲಪ್ಪ, ನಮ್ಮದೇ ರುಚಿ—"

"ಸುಮ್ನಿರೋ. ಡಬ್ಬಿ ಬಿಯರ್ ಕುಡಿಯೋನಿಗೆ ಏನು ಗೊತ್ತು." ನನ್ನ ಕಡೆ ತಿರುಗಿದರು. "ಕುಡಿಯೋ ಮುಂಚೇನೇ ಗೊತ್ತಿತ್ತು ನನಗೆ. ಎರಡು ಸಲ ಜುನಿಪರ್ ವಾಸನೆ ಬಂತು. ಎರಡು ಸಲವೂ ಕಿವಿ ಕೊಟ್ಟು ಮಲಗಿದ್ದೆ. ಕೂಗು ಬರಲೇ ಇಲ್ಲ."

ಅತ್ತುಬಿಟ್ಟೆ. ಊಟದ ಎದುರು, ಮೂಗು ಒರೆಸಿಕೊಳ್ಳುತ್ತಾ, ಮಗುವಿನ ಹಾಗೆ. "ನಮ್ಮದು ಸತ್ತುಹೋಯ್ತು ಮಾವ. ಇದು ಪ್ಯಾಕೆಟ್ಟು. ಕೂಗೋಕೆ ನಾಚಿಕೆ ಆಯ್ತು."

"ಸಾಯದೆ ಇನ್ನೇನು, ಯಾರೂ ಉಣಿಸಿಲ್ಲ. ಅಳಬೇಡ. ನಮ್ಮಜ್ಜಿ ಅದನ್ನ ಕೆರೆಯಾಚೆಯಿಂದ ಒಣಗಿಸಿ ಕಾಲುಚೀಲದಲ್ಲಿ ಕಟ್ಕೊಂಡು ಬಂದದ್ದು. ಅವತ್ತು ಅದೂ ಬೇರೆ ಮನೇದೇ. ಮನೆಗೆ ಹೊಸದಾಗಿ ಬಂದದ್ದನ್ನ ಮಾತಾಡಿಸ್ಬೇಕೋ ಬೇಡ್ವೋ? ನೀನು ಬಂದಾಗ ನಿಮ್ಮತ್ತೆ ವರ್ಷವಿಡೀ ಮಾತಾಡಿಸಲಿಲ್ಲ. ಹೇಗಿತ್ತು ಹೇಳು?"

ಅವರಿಗೆ ನೆನಪಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ನೊರೆ ಎತ್ತಿಟ್ಟಿದ್ದೀಯಾ?"

"ಇಟ್ಟಿದ್ದೀನಿ."

"ಹಾಗಾದ್ರೆ ಅದರಲ್ಲೇ ನನ್ನ ಮಣ್ಣಿನ ದಿನದ ಬಿಯರ್ ಮಾಡು. ಈಗಲೇ ಮಾಡು. ನಾನು ಹೋದ ಮೇಲೆ ಮಾಡಿದ್ರೆ ಊರೆಲ್ಲ ಕುಡಿಯುತ್ತೆ, ನನಗೇನು ಬಂತು? ಆದ್ರೆ ಕೂಗಬೇಕು. ಇಲ್ಲಿವರೆಗೆ ಕೇಳಿಸಬೇಕು."

ಆಮೇಲೆ ಬಟ್ಟಲು ಮುಂದೆ ಚಾಚಿದರು. "ಇನ್ನೊಂದು ಹಾಕು."

ಜನವರಿ 6

ಓದ್ವಾರ್ ಕೆಲಸಕ್ಕೆ ವಾಪಸ್. ಮಾವ ಹೆಚ್ಚು ಹೊತ್ತು ನಿದ್ದೆಯಲ್ಲೇ. ನಿನ್ನೆಯಿಂದ ಕೋಲಿನ ಸದ್ದಿಲ್ಲ. ಕರೆಯದಿದ್ದರೂ ಸುಮ್ಮನೆ ಹತ್ತಿಹೋಗಿ ಉಸಿರು ನೋಡಿ ಬರುತ್ತಿದ್ದೇನೆ. ಇಷ್ಟು ವರ್ಷ ಆ ಕೋಲನ್ನು ಒಲೆಗೆ ಹಾಕಬೇಕು ಎಂದುಕೊಂಡವಳು ನಾನು.

ಜನವರಿ 10, ಮಧ್ಯಾಹ್ನ

ಬೆಳಿಗ್ಗೆ ಮಾವನ ಕಿಟಕಿ ತೆರೆದಿಟ್ಟೆ. ಎರಡು ಕಂಬಳಿ ಹೊದಿಸಿ, ಕೋಲನ್ನು ಕೈಗೆ ಕೊಟ್ಟೆ. "ಇವತ್ತು ಹಾಕ್ತೀನಿ ಮಾವ" ಅಂದೆ. ಕಣ್ಣು ತೆರೆಯಲಿಲ್ಲ. ಕೇಳಿಸಿತೋ ಇಲ್ಲವೋ.

ರಸ ಹಾಲಿನ ಬಿಸಿಗೆ ಬಂದಾಗ ಬ್ರಿತಾ ಜೊತೆಗಿದ್ದಳು. ಜಾಡಿಯ ಹೆಪ್ಪು ಸುರಿದೆ. ಬಗ್ಗಿದೆ. ಮೊದಲನೆಯದು ಕೆಮ್ಮಿನ ಹಾಗೆ ಬಂತು.

"ಇದನ್ನ ಕೇಳಿ ಬೆಕ್ಕೂ ಏಳಲ್ಲ. ಕೂಗೇ!" ಅಂದಳು.

ಎರಡನೆಯದು ಎಲ್ಲಿಂದ ಬಂತೋ. ಮಾತ್ರೆ, ಬಟ್ಟೆ, ಮೆಟ್ಟಿಲು, ನನ್ನನ್ನು ಮಾತಾಡಿಸದ ಅತ್ತೆ, ಎಲ್ಲ ಆ ಕೂಗಿನಲ್ಲಿ ಹೋಯಿತು. ಕೆರೆಯಾಚೆ ನಾಯಿ ಬೊಗಳಿತು. ಬ್ರಿತಾ ಕೈ ತಟ್ಟಿ ನಕ್ಕಳು, ಆಮೇಲೆ ಇಬ್ಬರೂ ಸುಮ್ಮನಾಗಿ ಮನೆಯ ಕಡೆ ಕಿವಿ ಕೊಟ್ಟೆವು.

ಏನೂ ಇಲ್ಲ.

"ನಿದ್ದೆ ಬಂದಿರಬೇಕು" ಅಂದಳು, ನನ್ನ ಮುಖ ನೋಡದೆ. ಜೊತೆಗೆ ಬರಲಾ ಎಂದಳು. ಬೇಡ ಅಂದೆ.

ಅಡುಗೆಮನೆಗೆ ಬಂದು ಕೂತಿದ್ದೇನೆ. ಇನ್ನೂ ಮೆಟ್ಟಿಲು ಹತ್ತಿಲ್ಲ. ಹತ್ತಿದರೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೈಯೆಲ್ಲ ಜುನಿಪರ್ ವಾಸನೆ. ಒಂದು ಸಲ ಕುಟ್ಟಿ ಮಾವ, ಒಂದೇ ಸಲ. ನೀರಿಗಾದರೂ ಸರಿ, ಇಲ್ಲದ ಕುರಿಗಾದರೂ ಸರಿ, ಬರುತ್ತೇನೆ...

ತೂಗುದೀಪ ಅಲ್ಲಾಡಿತು.

ಬಂದೆ ಮಾವ, ಬಂ