ತುಳಜವ್ವನ ಮೂರು ನಿಮಿಷ

ಗದಗ
ಫೆಬ್ರವರಿ ೩೦, ೨೨೧೪

ಈಗ ಸಿನಿಮಾ ನೋಡುತ್ತಿರುವ ಹಿರಿಯರಿಗೆ ರೇಣವ್ವನ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ಊರಿಗೆಲ್ಲ ರಜೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರ ತರುವುದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ತಲುಪಿದರೆ ತಲುಪಿತು.

ನಮ್ಮ ಓಣಿಯಲ್ಲೊಂದು ತೆರೆಮನೆ ಇದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಚಾಪೆ ಮತ್ತು ತಿನ್ನಲು ಗಿರ್ಮಿಟ್ ಹಿಡಿದುಕೊಂಡು ಹೋಗಿ, ನಿಮ್ಮ ಅಜ್ಜ-ಅಜ್ಜಿಯರ ಕಾಲದ ಕಪ್ಪು-ಬಿಳುಪು ಸಿನಿಮಾಗಳನ್ನು ನೋಡುತ್ತೇವೆ. ಆ ಹಾಡುಗಳೆಂದರೆ ನನಗೆ ಪ್ರಾಣ. ನಾಯಕ ಸೈಕಲ್ ತುಳಿಯುತ್ತ ಹಿಂದಿರುಗಿ ನೋಡಿದರೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ. ಆದರೆ ಅದೇ ಸಿನಿಮಾದಲ್ಲಿ ಕಪ್ಪಗಿರುವವಳು, ದಪ್ಪಗಿರುವವಳು, ತೊದಲುವವನು ಬಂದರೆ ನಗಿಸುವುದಕ್ಕೆಂದೇ ಬರುತ್ತಾರೆ. ಅದಕ್ಕಾಗಿ ನಾವು ಎಚ್ಚರದೀಪ ಇಟ್ಟಿದ್ದೇವೆ. ಅಂಥ ದೃಶ್ಯ ಬಂದಾಗ ಸಿನಿಮಾ ನಿಲ್ಲಿಸುವುದಿಲ್ಲ, ಜನರ ನಡುವೆ ಒಂದು ದೀಪ ಹಚ್ಚುತ್ತೇವೆ. ಯಾರು ನಗುತ್ತಿದ್ದಾರೆ, ಯಾರು ತಲೆ ತಗ್ಗಿಸಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಹಚ್ಚುವ ಕೆಲಸ ನನ್ನದು.

ಕಳೆದ ತಿಂಗಳು ನಾನೇ ತಪ್ಪಿದೆ. ನಮ್ಮ ಮನೆತನದ ಹಿರಿಯಜ್ಜಿ ತುಳಜವ್ವ ನಾಟಕ ಕಂಪನಿಯವಳು. ಒಂದೇ ಒಂದು ಸಿನಿಮಾದಲ್ಲಿ ಮೂರು ನಿಮಿಷ ಇದ್ದಾಳೆ. ಕೆಲಸದಾಕೆಯಾಗಿ ಕನ್ನಡಿಯ ಮುಂದೆ ನಿಂತು ಪೌಡರ್ ಹಚ್ಚಿಕೊಳ್ಳುತ್ತಾಳೆ. ನಾಯಕ ಅವಳನ್ನು ಎಮ್ಮೆ ಎಂದು ಕರೆದು ತಲೆಗೆ ಮೊಟಕುತ್ತಾನೆ. ಅವಳು ಹಿಟ್ಟಿನ ಡಬ್ಬಿಯ ಮೇಲೆ ಬೀಳುತ್ತಾಳೆ. ಬಿದ್ದಲ್ಲಿಂದಲೇ ಅವನತ್ತ ಕಣ್ಣು ಪಿಳುಕಿಸಿ, ಹಿಟ್ಟು ಮೆತ್ತಿದ ಕೈಯನ್ನು ಇನ್ನೊಂದು ಕೆನ್ನೆಗೂ ಸವರಿಕೊಳ್ಳುತ್ತಾಳೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೀಪ ಮರೆತೇಹೋಯಿತು. ಈರಪ್ಪ ಕಾಕಾನ ಮಗಳು ಪಾರವ್ವ ಕಣ್ಣೊರೆಸಿಕೊಳ್ಳುತ್ತ ಎದ್ದುಹೋದಳು. ಶಾಲೆಯಲ್ಲಿ ಅವಳನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರಂತೆ.

"ದೀಪ ಹಚ್ಚಾಕಿನ ನಕ್ಕಳಂದ್ರ ಆ ಸೀನು ತಗದೇ ಬಿಡೂಣು" ಎಂದರು ತೆರೆಮನೆಯ ಹಿರಿಯರಾದ ಕಾಕಾ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮಲ್ಲಿರುವುದು ಒಂದೇ ಪ್ರತಿ.

"ಸೀನು ತಗದ್ರ ನಮ್ಮಜ್ಜಿನೂ ಹೋಗ್ತಾಳ್ರೀ ಕಾಕಾ. ಆಕಿದು ಒಂದು ಫೋಟೋನೂ ಇಲ್ಲ" ಎಂದೆ.

ಇನ್ನೊಮ್ಮೆ ನೋಡಿ ತೀರ್ಮಾನಿಸುವುದೆಂದಾಯಿತು. ಪಾರವ್ವನ ಕ್ಷಮೆ ಕೇಳಿ, ಪಕ್ಕದಲ್ಲೇ ಕೂರಿಸಿಕೊಂಡೆ. ಈ ಸಲ ಸರಿಯಾದ ಸಮಯಕ್ಕೆ ದೀಪ ಹಚ್ಚಿದೆ. ಬೆಳಕಿನಲ್ಲಿ ಯಾರೂ ನಗಲಿಲ್ಲ. ಆ ಮೊಟಕು ಎಷ್ಟು ಜೋರಿನದೆಂದು ನನಗೂ ಅಂದೇ ಕಂಡಿತು. ತುಳಜವ್ವ ಕೆನ್ನೆಗೆ ಹಿಟ್ಟು ಸವರಿಕೊಂಡಾಗ ಪಾರವ್ವ ಮುಂದಕ್ಕೆ ಬಾಗಿ, "ಅಪ್ಪಾ, ಆಕಿ ಅವನ್ನ ಅಣಕಸಾಕತ್ತಾಳ ನೋಡು" ಎಂದಳು. ಮೊದಲು ನಕ್ಕವಳೂ ಅವಳೇ. ದೃಶ್ಯ ಉಳಿಯಿತು.

ಒಂದು ಸಂಕಟ ಮಾತ್ರ ಹಾಗೇ ಇದೆ. ಆ ಸಿನಿಮಾದ ಶುರುವಿನಲ್ಲಿ ಬರುವ ಹೆಸರುಗಳಲ್ಲಿ ನಾಯಕನ ನಾಯಿಯ ಹೆಸರಿದೆ, ತುಳಜವ್ವನದಿಲ್ಲ. ನಿಮ್ಮ ಕಾಲದಲ್ಲಿ ಅದರ ಪ್ರತಿಗಳು ಇನ್ನೂ ಬೇಕಾದಷ್ಟಿವೆ. ನೋಡಿ, ಹಾಡು ಗುನುಗಿಕೊಳ್ಳಿ, ಕಸಿವಿಸಿಯಾದರೆ ಆಗಲಿ, ಕತ್ತರಿ ಮಾತ್ರ ಹಾಕಬೇಡಿ. ಕೆಲಸದಾಕೆ ಕನ್ನಡಿಯ ಮುಂದೆ ಬಂದು ನಿಂತಾಗ, ಅವಳ ಹೆಸರು ತುಳಜವ್ವ ಎಂದು ಪಕ್ಕದಲ್ಲಿ ಕೂತವರಿಗೆ ಒಮ್ಮೆ ಹೇಳಿ.