ಹನಮವ್ವನ ಹುರುಳಿ

ಪ್ರಭು,

ಹುರುಳಿ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ.

ರಿಪೇರಿಗೆ ಕ್ಲೇಮ್ ಮಾಡಿದ್ದಕ್ಕೆ ನೋ-ಕ್ಲೇಮ್ ಬೋನಸ್ಸಿನ ರಿಯಾಯಿತಿ ಹೋಗಿ ಕಾರಿನ ವಿಮೆಯ ಕಂತು ಏರಿತು ಎಂದು ಊಟಕ್ಕೆ ಕುಳಿತಾಗಲೆಲ್ಲ ನಿನ್ನ ಮಗಳು ಅಮೃತಾಳನ್ನು ಚುಚ್ಚಬೇಡ. "ಹೊಸ್ದಾಗಿ ಕಲ್ತಾಕಿ ಕೈಯಾಗ ಗಾಡಿ ಕೊಟ್ಟಿದ್ದ ತಪ್ಪಾತು" ಅಂದೆಯಲ್ಲ. ರಸ್ತೆಯ ಮೇಲೆ ಹುರುಳಿ ಹರವುವುದು ಗಾಡಿಗಳು ತುಳಿದು ಕಾಳು ಬಿಡಲೆಂದೇ. ಅದು ಅಮೃತಾಳಿಗೂ ಗೊತ್ತು. ಆದರೆ ಅವತ್ತು ಅದನ್ನು ಹರವಿದ್ದ ಹನಮವ್ವ ನಡುವೆ ಬಗ್ಗಿ ಕಸ ಆರಿಸುತ್ತಿದ್ದಳು. ಅವಳನ್ನು ಉಳಿಸಲು ಪಕ್ಕಕ್ಕೆ ತಿರುಗಿಸಿದ್ದಕ್ಕೆ ಕಾರು ಕಲ್ಲಿಗೆ ಬಡಿಯಿತು.

ಈ ಹುರುಳಿ ನಿನ್ನೆ ಹನಮವ್ವ ತಂದುಕೊಟ್ಟದ್ದು. "ಕೂಸಿಗೆ ಪೆಟ್ಟಾಗಿಲ್ಲಲ್ರಿ, ಅವ್ವಾರ?" ಎಂದು ಕೇಳಿದಳು. ನೀನು ಅವತ್ತು ಬಂಪರನ್ನಷ್ಟೇ ನೋಡಿದೆ.

ಕಾರಿನ ಕೀಲಿ ಹುಡುಕಬೇಡ. ನವಲಗುಂದಕ್ಕೆ ಹೊರಟಿದ್ದೇವೆ. ಅಮೃತಾ ನಡೆಸುತ್ತಾಳೆ, ನಾನು ಬಾಜು ಕೂಡುತ್ತೇನೆ. ನೀನು ಬಸ್ಸಿಗೆ ಹೋಗು.

ಅವ್ವ